‘ನಮ್ಮ ಮಕ್ಕಳಿಗೆ ಬಿಸಿಲು ಅಭ್ಯಾಸ’ ಅನ್ನುವ ಮಾತು

ಚಳ್ಳಕೆರೆ ಕಡೆಯ ಅಜ್ಜಿಯೊಬ್ಬರ ಪತ್ರದ ಸಾರ ಇದು: ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ನಾಲ್ಕು ವರ್ಷದ ಮೊಮ್ಮಗ ಟೋಪಿ ಮರೆತು ಹೋದರೆ ಅಲ್ಲಿನ ಶಿಶುವಿಹಾರದಲ್ಲಿ ಬಯಲಿಗೆ ಬಿಡುವುದಿಲ್ಲ. ಊರಲ್ಲಿರುವ ಮಗನ ಮಗಳು ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ ಅಂಗನವಾಡಿ ಅಂಗಳದಲ್ಲಿ ಬರಿತಲೆಯಲ್ಲಿ ಆಡುತ್ತಾಳೆ. ಕೇಳಿದರೆ ‘ನಮ್ಮ ಮಕ್ಕಳಿಗೆ ಬಿಸಿಲು ಅಭ್ಯಾಸ ಬಿಡಿ’ ಅನ್ನುತ್ತಾರೆ. ‘ಇಬ್ಬರೂ ನನ್ನ ಮೊಮ್ಮಕ್ಕಳು, ಇಬ್ಬರಿಗೂ ಒಬ್ಬನೇ ಸೂರ್ಯ. ಯಾರ ಮಾತು ಸರಿ?’

ಅಮ್ಮಾ, ನಿಮ್ಮ ಮೊಮ್ಮಗನ ಶಾಲೆಯ ನಿಯಮಕ್ಕೆ ಅದರದೇ ಕಾರಣವಿದೆ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಬಿಸಿಲು ಕಡಿಮೆಯ ನಾಡುಗಳಿಂದ ಬಂದ ಬಿಳಿ ಚರ್ಮದವರು ಅಲ್ಲಿನ ಕಡುಬಿಸಿಲಿಗೆ ಬಿದ್ದದ್ದರ ಫಲ ಅದು. ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರ ಅಲ್ಲಿ 1981ರಲ್ಲೇ ಶುರುವಾಯಿತು. ಈಗ ಅಲ್ಲಿನ ಶಾಲೆಗಳು ನೋಡುವುದು ಯು.ವಿ. ಸೂಚ್ಯಂಕವನ್ನು, ಅಂದರೆ ಬಿಸಿಲಿನ ನೇರಳಾತೀತ ಕಿರಣಗಳ ಅಳತೆಯನ್ನು. ಅದು 3 ಮುಟ್ಟಿದರೆ ಟೋಪಿ ಬೇಕು. ಮೆಲ್ಬರ್ನ್‌ನ ಚಳಿಗಾಲದಲ್ಲಿ ಅದಕ್ಕಿಂತ ಕೆಳಗಿಳಿದಾಗ ಟೋಪಿ ಗೂಟಕ್ಕೆ. ನಮ್ಮ ಜಿಲ್ಲೆಯ ನಡುಮಧ್ಯಾಹ್ನದ ಬಯಲು ಬಿಸಿಲು ಡಿಸೆಂಬರ್‌ನಲ್ಲೂ 3ಕ್ಕಿಂತ ಕೆಳಗಿಳಿಯುವುದಿಲ್ಲ. ಬೇಸಿಗೆಯಲ್ಲಂತೂ 11 ದಾಟುತ್ತದೆ.

ಹಾಗಾದರೆ ‘ಅಭ್ಯಾಸ’ದ ಮಾತು ಸುಳ್ಳೇ? ಅರ್ಧ ನಿಜ. ನಮ್ಮ ಚರ್ಮದ ಬಣ್ಣವೇ ಒಂದು ಕೊಡೆ, ಆ ಕ್ಯಾನ್ಸರಿನ ಭಯ ನಮ್ಮ ಮಕ್ಕಳಿಗೆ ಬಹಳ ಕಡಿಮೆ. ಅದಕ್ಕೇ ಅಂಗನವಾಡಿಗೊಂದು ಸನ್‌ಸ್ಕ್ರೀನ್ ಬಾಟಲಿ ಕೊಡಿ ಎಂದು ನಾನು ಕೇಳುವುದಿಲ್ಲ. ಆದರೆ ಆ ಬಣ್ಣ ಕಣ್ಣನ್ನು ಕಾಯುವುದಿಲ್ಲ, ಝಳವನ್ನೂ ತಡೆಯುವುದಿಲ್ಲ. ಎಳೆಯ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ಹೆಚ್ಚು ಕಿರಣಗಳನ್ನು ಒಳಗೆ ಬಿಡುತ್ತದೆ. ಪುಟ್ಟ ಮೈ ಬೇಗ ಕಾಯುತ್ತದೆ, ಬೆವರುವುದೂ ಕಡಿಮೆ. ಮೂರು ವರ್ಷದ ಕೂಸು ಆಟದ ಮಧ್ಯೆ ತಾನಾಗಿ ನೀರು ಕೇಳುವುದಿಲ್ಲ, ನಾವೇ ಕರೆದು ಕುಡಿಸಬೇಕು. ನಾನು ಓದಿದ ಶಾಲೆಯಲ್ಲಿ ಬೇಸಿಗೆಯ ಪ್ರಾರ್ಥನೆಗೆ ನಿಂತ ಹುಡುಗಿಯೊಬ್ಬಳು ಕುಸಿದುಬಿದ್ದಾಗ ‘ತಿಂಡಿ ತಿಂದಿಲ್ಲ’ ಎಂದು ಬೈದರೇ ಹೊರತು, ಮರುದಿನವೂ ಸಾಲು ಬಿಸಿಲಲ್ಲೇ ನಿಂತಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಇನ್ನೊಂದು ಮಾತು, ಇದನ್ನು ಶಿಕ್ಷಕರು ದಯವಿಟ್ಟು ಓದಬೇಕು. ಹುಟ್ಟಿನಿಂದಲೇ ಚರ್ಮ, ಕೂದಲು, ರೆಪ್ಪೆಯೆಲ್ಲ ಬೆಳ್ಳಗಿರುವ ಮಕ್ಕಳು ನಮ್ಮ ಹಳ್ಳಿ ಶಾಲೆಗಳಲ್ಲೂ ಇದ್ದಾರೆ. ಆಲ್ಬಿನಿಸಂ ಅನ್ನುತ್ತಾರೆ. ಆ ಮಗುವಿಗೆ ಆಸ್ಟ್ರೇಲಿಯಾದ ನಿಯಮವೆಲ್ಲ ಅಕ್ಷರಶಃ ಬೇಕು: ತುಂಬುತೋಳಿನ ಅಂಗಿ, ಅಗಲ ಟೋಪಿ, ಸನ್‌ಸ್ಕ್ರೀನ್, ಬಿಸಿಲು ಬೀಳದ ಬೆಂಚು. ಡ್ರಿಲ್‌ಗೆ ಬರಲಿಲ್ಲವೆಂದು ಅದನ್ನು ಗದರಬೇಡಿ.

ಅಳೆಯಲು ಯಂತ್ರ ಬೇಡ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾದರೆ ಬಿಸಿಲು ಜೋರಿದೆ ಎಂದೇ ಲೆಕ್ಕ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ನಮ್ಮಲ್ಲಿ ನೆರಳು ಕಾಲಡಿಗೇ ಸೇರುವ ದಿನ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂಕಾಲು ದಾಟಿದ ಮೇಲೆ. ಅಂದರೆ ಬಿಸಿಯೂಟದ ತಟ್ಟೆ ಹಿಡಿದು ಮಕ್ಕಳು ಅಂಗಳಕ್ಕಿಳಿಯುವ ಹೊತ್ತಿನ ಸುಮಾರಿಗೆ. ಝಳ ಏರುವುದು ಅದಕ್ಕೂ ಆಮೇಲೆ, ಎರಡು ಮೂರು ಗಂಟೆಗೆ. ಹಾಗಾಗಿ ಆಟ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಶಾಲೆಗೆ ಏಪ್ರಿಲ್‌ನಲ್ಲಿ ರಜೆ ಬರುತ್ತದೆ, ಅಂಗನವಾಡಿಗೆ ಅಷ್ಟು ಉದ್ದ ರಜೆ ಇಲ್ಲವಾದ್ದರಿಂದ ಚಿಕ್ಕವರಿಗೇ ಬಿಸಿಲು ಹೆಚ್ಚು.

ಆದರೆ ನಾನು ಹಟ ಹಿಡಿಯುವುದು ನೆರಳಿಗಾಗಿ. ತಗಡಿನ ಶೀಟು ಕಿರಣ ತಡೆಯುತ್ತದೆ, ಆದರೆ ತಾನೇ ಕಾದು ಕೆಳಗಿದ್ದವರನ್ನು ಬೇಯಿಸುತ್ತದೆ. ಸಸಿಮಡಿಗೆ ಕಟ್ಟುವ ಹಸಿರು ನೆಟ್ ವಾಸಿ, ಗಾಳಿ ಆಡುತ್ತದೆ. ಕೊಳ್ಳುವಾಗ ಶೇಕಡ ಐವತ್ತು ನೆರಳಿನದ್ದಲ್ಲ, ಎಪ್ಪತ್ತೈದರದ್ದು ಕೇಳಿ. ಐವತ್ತರದ್ದು ಅರ್ಧ ಬಿಸಿಲನ್ನು ಒಳಗೇ ಬಿಡುತ್ತದೆ. ಮರಕ್ಕೆ ಸಾಟಿ ಮಾತ್ರ ಯಾವುದೂ ಇಲ್ಲ, ಅದರಲ್ಲೂ ಮರ ಯಾವುದು ಅನ್ನುವುದು ಮುಖ್ಯ. ಎಷ್ಟೋ ಶಾಲೆಗಳಲ್ಲಿ ಹೂವಿನ ಚೆಂದಕ್ಕೆ ಗುಲ್‌ಮೊಹರ್ ನೆಟ್ಟಿರುತ್ತಾರೆ. ನೆರಳು ಬೇಕಾದ ಮಾರ್ಚ್‌ನಲ್ಲೇ ಅದು ಎಲೆ ಉದುರಿಸಿ ಬೋಳಾಗಿರುತ್ತದೆ. ನೀಲಗಿರಿ ಎಷ್ಟೆತ್ತರ ಬೆಳೆದರೂ ಒಂದು ಮಗು ಕೂರುವಷ್ಟು ತಂಪಿಲ್ಲ. ಹೊಂಗೆ, ಬೇವು ಹಾಗಲ್ಲ, ಯುಗಾದಿ ಸುಮಾರಿಗೆ ಹೊಸ ಚಿಗುರು ಹೊದ್ದು ನಿಲ್ಲುತ್ತವೆ, ಮಳೆ ಕಡಿಮೆಯಾದ ನಿಮ್ಮ ಕಡೆಯ ನೆಲದಲ್ಲೂ ಬದುಕುತ್ತವೆ. ಅಂಗಳದ ಪಡುವಣ ಬದಿಗೆ ನೆಟ್ಟರೆ ಮಧ್ಯಾಹ್ನದ ನೆರಳು ಅಂಗಳದೊಳಕ್ಕೇ ಚಾಚುತ್ತದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಎತ್ತಿ, ಮೃಗಶಿರ ಮಳೆಗೆ ಸಸಿ ಸಿದ್ಧವಿರಲಿ.

ಗಿಡ ಮರವಾಗುವ ತನಕ ಮೊಮ್ಮಗಳಿಗೆ ಟೋಪಿ. ಹೊಲದಲ್ಲಿ ಕಳೆ ಕೀಳುವಾಗ ನೀವು ತಲೆಗೆ ಸೆರಗು ಹೊದ್ದವರೇ ಅಲ್ಲವೇ, ನಿಮಗೆ ಹೊಸದೇನೂ ಹೇಳುತ್ತಿಲ್ಲ. ಕ್ರಿಕೆಟ್ ಟೋಪಿ ಬೇಡ, ಕಿವಿ ಕತ್ತು ಬಯಲಾಗೇ ಉಳಿಯುತ್ತವೆ. ಹಳೇ ಹತ್ತಿ ಸೀರೆಯಲ್ಲಿ, ಸುತ್ತಲೂ ನಿಮ್ಮ ಮೂರು ಬೆರಳಗಲ ಅಂಚು ಬಿಟ್ಟು ಹೊಲಿಸಿ. ಗದ್ದದ ಕೆಳಗೆ ಗಂಟು ಹಾಕುವ ದಾರ ಮಾತ್ರ ಇಡಬೇಡಿ, ಆಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಬಟ್ಟೆ ಉಳಿದರೆ ಅವಳ ಪಕ್ಕ ಕೂರುವ ಮಗುವಿಗೂ ಒಂದು ಹೊಲಿಸಿ. ಎರಡು ತಲೆಗೆ ಟೋಪಿ ಬಂದರೆ ಮೂರನೆಯ ಮಗು ಮನೆಗೆ ಹೋಗಿ ತಾನೇ ಕೇಳುತ್ತದೆ.

— ಸಂ.