ಅರ್ಧ ಮುಚ್ಚಿದ ಮಸೂರ, ಪೂರ್ತಿ ಮೂಡಿದ ದೀಪ

ಈ ಬಾರಿ ಬಂದ ಪತ್ರಗಳಲ್ಲಿ ಬೆಳಕಿಗೆ ಸಂಬಂಧಿಸಿದವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆ ಊರಿನವರು, ಕೇಳಿದ್ದೂ ಬೇರೆ ಬೇರೆ ಸಂಗತಿ. ಆದರೂ ಉತ್ತರ ಬರೆಯುತ್ತಾ ಹೋದಂತೆ ಎಲ್ಲದರ ಬೇರೂ ಒಂದೇ ಕಡೆ ಇರುವುದು ಕಂಡಿತು. ಮಸೂರದ ಬಗ್ಗೆ ನಾವು ಎಷ್ಟೋ ಕಲಿಸುತ್ತೇವೆ. ಅದರ ಜೊತೆಗೇ ಇರುವ ತೂತಿನ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಬೆಳಕನ್ನು ಬಾಗಿಸುವುದು ಮಸೂರ, ಯಾವ ಬೆಳಕು ಒಳಗೆ ಬರಬೇಕೆಂದು ತೀರ್ಮಾನಿಸುವುದು ತೂತು.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪೀನ ಮಸೂರದಿಂದ ಮೇಣದಬತ್ತಿಯ ಪ್ರತಿಬಿಂಬವನ್ನು ಗೋಡೆಯ ಮೇಲೆ ಮೂಡಿಸಿ ತೋರಿಸುತ್ತಿದ್ದಾಗ ಒಬ್ಬ ಹುಡುಗ ಮಸೂರದ ಮೇಲರ್ಧವನ್ನು ಪುಸ್ತಕದಿಂದ ಮುಚ್ಚಿದ. ಜ್ವಾಲೆ ಅರ್ಧವಾಗಲಿಲ್ಲ, ಇಡಿಯಾಗಿಯೇ ಉಳಿಯಿತು. ಕಾರಣ ಹೇಳಲು ತಡವರಿಸಿದೆ. (ಶಿರಸಿ)

ಉತ್ತರ: ಆ ಹುಡುಗನಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ತಪ್ಪು ನಿಮ್ಮದಲ್ಲ, ಕಪ್ಪು ಹಲಗೆಯ ಮೇಲೆ ನಾವೆಲ್ಲ ಬರೆಯುವ ಚಿತ್ರದ್ದು. ವಸ್ತುವಿನ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಒಂದು ಗೆರೆ, ಮಸೂರದ ನಡುವಿನಿಂದ ಇನ್ನೊಂದು ಗೆರೆ. ಅವು ಕೂಡಿದಲ್ಲಿ ಪ್ರತಿಬಿಂಬ ಎನ್ನುತ್ತೇವೆ. ಸ್ಥಾನ ಕಂಡುಹಿಡಿಯಲು ಎರಡು ಗೆರೆ ಸಾಕು. ಆದರೆ ಆ ಎರಡೇ ಕಿರಣಗಳು ಪ್ರತಿಬಿಂಬವನ್ನು ಹೊತ್ತು ತರುತ್ತವೆ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಕೂತುಬಿಡುತ್ತದೆ.

ನಿಜವಾಗಿ ನಡೆಯುವುದು ಹೀಗೆ. ಜ್ವಾಲೆಯ ಒಂದೊಂದು ಚುಕ್ಕಿಯಿಂದಲೂ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಮಸೂರದ ಮೈಯೆಲ್ಲ ಅದರಿಂದ ತೋಯುತ್ತದೆ. ಮೇಲ್ಭಾಗಕ್ಕೆ ಬಿದ್ದದ್ದನ್ನೂ ಕೆಳಭಾಗಕ್ಕೆ ಬಿದ್ದದ್ದನ್ನೂ ಮಸೂರ ಬಾಗಿಸಿ ಗೋಡೆಯ ಮೇಲಿನ ಒಂದೇ ಚುಕ್ಕಿಗೆ ತಂದು ಸೇರಿಸುತ್ತದೆ. ಅಂದರೆ ಪ್ರತಿಬಿಂಬದ ಪ್ರತಿ ಚುಕ್ಕಿಯನ್ನೂ ಕಟ್ಟುವುದು ಇಡೀ ಮಸೂರ. ಅರ್ಧ ಮುಚ್ಚಿದರೆ ಪ್ರತಿ ಚುಕ್ಕಿಗೂ ಬರುವ ಬೆಳಕು ಅರ್ಧವಾಗುತ್ತದೆ, ಚುಕ್ಕಿ ಮಾತ್ರ ಯಾವುದೂ ಕಾಣೆಯಾಗುವುದಿಲ್ಲ. ಜ್ವಾಲೆ ಮಂಕಾಗಿತ್ತೇ ಎಂದು ಮುಂದಿನ ಸಲ ಮಕ್ಕಳನ್ನೇ ಕೇಳಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಠ ಇಲ್ಲಿಯೇ ರುಚಿಸುವುದು. 10 ಸೆಂಟಿಮೀಟರ್ ಸಂಗಮ ದೂರದ ಮಸೂರದಿಂದ 15 ಸೆಂಟಿಮೀಟರ್ ಆಚೆ ಬತ್ತಿ ಇಡಿ. ಮಸೂರದ ಇನ್ನೊಂದು ಬದಿಯಲ್ಲಿ 30 ಸೆಂಟಿಮೀಟರ್ ದೂರದ ಪರದೆಯ ಮೇಲೆ ಎರಡು ಪಟ್ಟು ದೊಡ್ಡದಾದ, ತಲೆಕೆಳಗಾದ ಜ್ವಾಲೆ ಮೂಡುತ್ತದೆ. ಒಂದು ರಟ್ಟಿನ ತುಂಡನ್ನು ಮಸೂರಕ್ಕೆ ಅಂಟಿದಂತೆ ಹಿಡಿಯಿರಿ: ಇಡೀ ಜ್ವಾಲೆ ಮಂಕಾಗುತ್ತದೆ. ಅದೇ ರಟ್ಟನ್ನು ಪರದೆಗೆ ಅಂಟಿದಂತೆ ಹಿಡಿಯಿರಿ: ಈಗ ಜ್ವಾಲೆ ಕತ್ತರಿಸಿದಂತೆ ಅರ್ಧವಾಗುತ್ತದೆ, ಉಳಿದ ಅರ್ಧದ ಹೊಳಪು ಒಂದಿಷ್ಟೂ ಕುಂದುವುದಿಲ್ಲ. ಎರಡರ ನಡುವೆ ಎಲ್ಲೋ ಹಿಡಿದರೆ ಒಂದು ಬದಿ ಮೆಲ್ಲಗೆ ಕಪ್ಪಾಗುತ್ತಾ ಹೋಗುತ್ತದೆ. ರಟ್ಟು ಒಂದೇ, ಜಾಗ ಬದಲಾದಂತೆ ಕೆಲಸ ಬದಲಾಯಿತು. ಬೆಳಕಿನ ಪ್ರಮಾಣಕ್ಕೆ ಮಿತಿ ಹಾಕುವ ತಡೆಯನ್ನು ಅಪರ್ಚರ್ ಸ್ಟಾಪ್ ಎಂದೂ, ಕಾಣುವ ದೃಶ್ಯಕ್ಕೆ ಚೌಕಟ್ಟು ಹಾಕುವ ತಡೆಯನ್ನು ಫೀಲ್ಡ್ ಸ್ಟಾಪ್ ಎಂದೂ ಕರೆಯುತ್ತಾರೆ. ಕ್ಯಾಮೆರಾದಿಂದ ದೂರದರ್ಶಕದವರೆಗೆ ಬೆಳಕಿನ ಪ್ರತಿ ಉಪಕರಣದಲ್ಲೂ ಇವೆರಡೂ ಇದ್ದೇ ಇರುತ್ತವೆ, ಯಾರೂ ಬೇಕೆಂದು ಇಡದಿದ್ದರೂ ಸಹ. ಬೇರೆ ತಡೆ ಇಲ್ಲದಿದ್ದರೆ ಮಸೂರದ ಅಂಚೇ ತಡೆ.

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕುಳಿತು ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರೆ. ಅದೇ ಪತ್ರಿಕೆಯನ್ನು ನಡುಮನೆಗೆ ತಂದರೆ ಅಕ್ಷರ ಕಾಣುವುದಿಲ್ಲ ಎನ್ನುತ್ತಾರೆ. ಬಿಸಿಲು ಕಣ್ಣಿಗೆ ಒಳ್ಳೆಯದು ಎಂಬುದು ಅವರ ವಾದ. ಇದರಲ್ಲಿ ಸತ್ಯ ಎಷ್ಟು? (ಚಿತ್ರದುರ್ಗ)

ಉತ್ತರ: ನಿಮ್ಮ ತಂದೆಯವರು ಕಂಡದ್ದು ಪೂರ್ತಿ ನಿಜ, ಕೊಟ್ಟ ಕಾರಣ ಮಾತ್ರ ಬೇರೆ. ನಮ್ಮ ಹಿರಿಯರು ಚಾಳೀಸು ಎನ್ನುತ್ತಿದ್ದರಲ್ಲ, ನಲವತ್ತು ದಾಟಿದವರಿಗೆ ಬರುವ ಆ ತೊಂದರೆಯೇ ಇದು. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ, ಹತ್ತಿರದ ವಸ್ತುವಿಗಾಗಿ ಉಬ್ಬಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಆ ಮಸೂರ ಎಳೆಯದಾಗುವುದಿಲ್ಲ. ಕಿರಿದಾಗುವುದು ಅದರ ಮುಂದಿರುವ ಪಾಪೆ, ಅಂದರೆ ಕಣ್ಣಿನ ಅಪರ್ಚರ್ ಸ್ಟಾಪ್.

ಲೆಕ್ಕ ಹಾಕಿ ನೋಡೋಣ, ಸುಲಭವಿದೆ. ಪತ್ರಿಕೆಯನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಣ್ಣು 2.5 ಡಯಾಪ್ಟರ್‌ನಷ್ಟು (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ ಇದು) ಹೆಚ್ಚುವರಿ ಶಕ್ತಿ ತರಬೇಕು. ನಿಮ್ಮ ತಂದೆಯವರ ಕಣ್ಣಿನಲ್ಲಿ ಇನ್ನೂ 1 ಡಯಾಪ್ಟರ್ ಉಳಿದಿದೆ ಎಂದಿಟ್ಟುಕೊಳ್ಳಿ, ಕೊರತೆ 1.5. ಹೀಗೆ ಫೋಕಸ್ ತಪ್ಪಿದಾಗ ಕಾಗದದ ಮೇಲಿನ ಒಂದು ಚುಕ್ಕಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಚುಕ್ಕಿಯಾಗಿ ಬೀಳದೆ ಒಂದು ಬಿಲ್ಲೆಯಾಗಿ ಹರಡುತ್ತದೆ. ಬಿಲ್ಲೆಯ ಅಗಲ ಎಷ್ಟೆಂದರೆ, ಪಾಪೆಯ ಅಗಲವನ್ನು ಡಯಾಪ್ಟರ್ ಕೊರತೆಯಿಂದಲೂ ಮೀಟರ್ ಲೆಕ್ಕದ ದೂರದಿಂದಲೂ ಗುಣಿಸಿದಷ್ಟು. ನಡುಮನೆಯ ಮಬ್ಬಿನಲ್ಲಿ ಪಾಪೆ 4 ಮಿಲಿಮೀಟರ್ ತೆರೆದಿದ್ದರೆ, ಕಾಗದದ ಮೇಲೆ ಅಳೆದಂತೆ ಆ ಬಿಲ್ಲೆ 2.4 ಮಿಲಿಮೀಟರ್. ಪತ್ರಿಕೆಯ ಅಕ್ಷರದ ಎತ್ತರವೇ ಹೆಚ್ಚುಕಡಿಮೆ ಅಷ್ಟು! ಹಾಗಾದ ಮೇಲೆ ತಲೆಕಟ್ಟೂ ಒತ್ತಕ್ಷರವೂ ಒಂದಕ್ಕೊಂದು ಕಲಸಿಹೋಗುವುದರಲ್ಲಿ ಆಶ್ಚರ್ಯವೇನು. ಅಂಗಳದ ಬಿಸಿಲಿನಲ್ಲಿ ಪಾಪೆ 2 ಮಿಲಿಮೀಟರ್‌ಗೆ ಇಳಿದರೆ ಬಿಲ್ಲೆಯೂ 1.2 ಮಿಲಿಮೀಟರ್‌ಗೆ ಇಳಿಯುತ್ತದೆ. ಮಸುಕು ಪೂರ್ತಿ ಹೋಗಿಲ್ಲ, ಆದರೆ ದಿನಾ ಓದಿ ಪಳಗಿದ ಕಣ್ಣಿಗೆ ಅಕ್ಷರದ ಗುರುತು ಹತ್ತುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ದಪ್ಪ ಕಾಗದಕ್ಕೆ ದಬ್ಬಣದಿಂದ ಸುಮಾರು 1 ಮಿಲಿಮೀಟರ್ ತೂತು ಮಾಡಿ, ಕಣ್ಣಿಗೆ ತೀರ ಹತ್ತಿರ ಹಿಡಿದು, ಚೆನ್ನಾಗಿ ಬೆಳಕು ಬಿದ್ದ ಪುಟವನ್ನು ನೋಡಲು ಹೇಳಿ. ಮಸುಕಿನ ಬಿಲ್ಲೆ 0.6 ಮಿಲಿಮೀಟರ್‌ಗೆ ಬರುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. ಕಣ್ಣಿನ ವೈದ್ಯರೂ ಇದೇ ಉಪಾಯ ಬಳಸುತ್ತಾರೆ: ಸಣ್ಣ ತೂತಿನಿಂದ ನೋಡಿದಾಗ ದೃಷ್ಟಿ ಸುಧಾರಿಸಿದರೆ ದೋಷ ಫೋಕಸ್‌ನದು, ಕನ್ನಡಕದಿಂದ ಸರಿಹೋಗುವಂಥದ್ದು. ಸುಧಾರಿಸದಿದ್ದರೆ ಪೊರೆಯನ್ನೋ ರೆಟಿನಾವನ್ನೋ ಪರೀಕ್ಷಿಸಬೇಕಾಗುತ್ತದೆ. ಅದಕ್ಕೇ ನಿಮ್ಮಲ್ಲಿ ನನ್ನ ಕಳಕಳಿಯ ಮಾತು: ಬಿಸಿಲಿನಲ್ಲಿ ಓದಲು ಬರುತ್ತದೆ ಎಂದು ಪರೀಕ್ಷೆಯನ್ನು ಮುಂದೂಡಬೇಡಿ. ಮತ್ತೆ, ಆ ತೂತಿನಿಂದ ಸೂರ್ಯನನ್ನು ಎಂದೂ ನೋಡಬಾರದು.

ಹೇಳಲೇಬೇಕಾದ ಇನ್ನೊಂದು ಸೊಗಸಿನ ಸಂಗತಿ: ಎದುರಿಗಿರುವವರ ಕಣ್ಣಿನಲ್ಲಿ ನಾವು ಕಾಣುವ ಪಾಪೆ ಅದರ ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಭೂತಗನ್ನಡಿಯ ಹಾಗೆ ಕೆಲಸ ಮಾಡಿ ಅದನ್ನು ಸುಮಾರು ಎಂಟರಲ್ಲೊಂದು ಪಾಲು ಹಿಗ್ಗಿಸಿ ತೋರಿಸುತ್ತದೆ. ಮೇಲೆ ಪಾಪೆಯ ಅಗಲ ಎಂದು ಲೆಕ್ಕಕ್ಕೆ ಹಿಡಿದದ್ದೂ ಈ ಹಿಗ್ಗಿದ ಅಳತೆಯನ್ನೇ, ಏಕೆಂದರೆ ಹೊರಗಿನಿಂದ ಬರುವ ಕಿರಣಗಳಿಗೆ ಬಾಗಿಲು ಕಾಣುವುದು ಆ ಅಳತೆಯಲ್ಲಿ.

ಪ್ರಶ್ನೆ: ಬೇಲೂರಿನಲ್ಲಿ ಕೆತ್ತನೆಗಳ ಚಿತ್ರ ತೆಗೆಯುವಾಗ ಎಲ್ಲವೂ ಸ್ಪಷ್ಟವಾಗಿರಲಿ ಎಂದು ಅಪರ್ಚರ್ ಅನ್ನು ಎಫ್/22ಕ್ಕೆ ಇಟ್ಟೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಎಫ್/8ರಲ್ಲಿ ತೆಗೆದದ್ದೇ ಹೆಚ್ಚು ಚೂಪಾಗಿದೆ. ತೂತು ಚಿಕ್ಕದಾದಷ್ಟೂ ಒಳ್ಳೆಯದಲ್ಲವೇ? (ಹಾಸನ)

ಉತ್ತರ: ಒಂದು ಹಂತದವರೆಗೆ ಹೌದು. ಎಫ್ ಸಂಖ್ಯೆ ಎಂದರೆ ಸಂಗಮ ದೂರವನ್ನು ತೂತಿನ ಅಗಲದಿಂದ ಭಾಗಿಸಿದ್ದು. 50 ಮಿಲಿಮೀಟರ್ ಲೆನ್ಸ್‌ನಲ್ಲಿ ಎಫ್/2 ಎಂದರೆ 25 ಮಿಲಿಮೀಟರ್ ಅಗಲ, ಎಫ್/4 ಎಂದರೆ 12.5. ಉಂಗುರದ ಮೇಲಿನ 1.4, 2, 2.8, 4, 5.6, 8 ಎಂಬ ವಿಚಿತ್ರ ಸರಣಿ ಹುಟ್ಟುವುದು ಪ್ರತಿ ಸಲ ಎರಡರ ವರ್ಗಮೂಲದಿಂದ ಗುಣಿಸಿದಾಗ. ಒಂದೊಂದು ಹೆಜ್ಜೆಗೂ ತೂತಿನ ವಿಸ್ತೀರ್ಣ ಅರ್ಧವಾಗುತ್ತದೆ.

ತೂತು ಕಿರಿದು ಮಾಡುವುದರ ಲಾಭವನ್ನು ಗೆಲಿಲಿಯೋ ಚೆನ್ನಾಗಿ ಬಲ್ಲವನಾಗಿದ್ದ. ಫ್ಲಾರೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ಅವನ ಒಂದು ದೂರದರ್ಶಕದ ಮುಂದಿನ ಮಸೂರ 37 ಮಿಲಿಮೀಟರ್ ಅಗಲದ್ದು, ಆದರೆ ಬೆಳಕಿಗೆ ಬಿಟ್ಟಿರುವ ದಾರಿ 15 ಮಿಲಿಮೀಟರ್ ಮಾತ್ರ. ಗೋಳಾಕಾರವಾಗಿ ಉಜ್ಜಿದ ಮಸೂರದ ಅಂಚು ನಡುವಿಗಿಂತ ಹೆಚ್ಚು ಬಾಗಿಸುತ್ತದೆ, ಅಂಚಿನ ಕಿರಣಗಳು ಬೇರೆ ಜಾಗದಲ್ಲಿ ಕೂಡಿ ಚಿತ್ರ ಕೆಡಿಸುತ್ತವೆ. ಕೈಯಾರೆ ಉಜ್ಜಿದ ಗಾಜಿನ ಬಹುಪಾಲನ್ನು ತಾನೇ ಮುಚ್ಚಿಬಿಡಲು ಎಂಥ ವಿವೇಕ ಬೇಕು!

ಆದರೆ ಕಿರಣ ಎಂಬುದು ನಮ್ಮ ಅನುಕೂಲದ ಗೆರೆ. ಬೆಳಕು ಅಲೆ. ತೂತು ತೀರ ಕಿರಿದಾದಾಗ ಅಲೆ ಅಂಚುಗಳಲ್ಲಿ ಹರಡಿಕೊಳ್ಳುತ್ತದೆ, ಯಾವ ದುಬಾರಿ ಮಸೂರವೂ ಅದನ್ನು ತಡೆಯಲಾರದು. ಹಸಿರು ಬೆಳಕಿಗೆ ಎಫ್/8ರಲ್ಲಿ ಒಂದು ಚುಕ್ಕಿ ಸುಮಾರು 11 ಮೈಕ್ರೋಮೀಟರ್ ಅಗಲದ ಬಿಲ್ಲೆಯಾಗುತ್ತದೆ, ಎಫ್/22ರಲ್ಲಿ ಸುಮಾರು 30. ಇಂದಿನ ಕ್ಯಾಮೆರಾಗಳ ಪಿಕ್ಸೆಲ್ 4ರಿಂದ 6 ಮೈಕ್ರೋಮೀಟರ್ ಇರುವುದು ಸಾಮಾನ್ಯ. ನೀವು ಕಂಡ ಮಸುಕು ಇದೇ. ಕೆತ್ತನೆಗೆ ಎಫ್/8 ಅಥವಾ ಎಫ್/11 ಇಟ್ಟು, ಕ್ಯಾಮೆರಾವನ್ನು ಗೋಡೆಗೆ ಸರಿಯಾಗಿ ಎದುರಾಗಿ ನಿಲ್ಲಿಸಿ. ಆಳವೇ ಹೆಚ್ಚಿಲ್ಲದ ಕಡೆ ಅಷ್ಟು ಕಿರಿದು ಮಾಡುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ಪಕ್ಷಿ ನೋಡುವ ಹವ್ಯಾಸಕ್ಕೆ ಬೈನಾಕ್ಯುಲರ್ ಕೊಳ್ಳಬೇಕು. 8×42 ಮತ್ತು 10×25 ಎರಡನ್ನೂ ಅಂಗಡಿಯಲ್ಲಿ ನೋಡಿದೆ, ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. (ಶ್ರೀರಂಗಪಟ್ಟಣ)

ಉತ್ತರ: ಅಂಗಡಿಯ ದೀಪಗಳ ಕೆಳಗೆ ತಿಳಿಯುವುದಿಲ್ಲ. ಎರಡನ್ನೂ ಬಾಗಿಲ ಬಳಿಗೆ ತಂದು, ತೋಳಿನಷ್ಟು ದೂರ ಹಿಡಿದು, ಆಕಾಶದತ್ತ ತಿರುಗಿಸಿ ಹಿಂದಿನ ಗಾಜನ್ನು ನೋಡಿ. ಗಾಜಿನಿಂದ ತುಸು ಈಚೆಗೆ ಗಾಳಿಯಲ್ಲಿ ತೇಲುವಂತೆ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಮುಂದಿನ ದೊಡ್ಡ ಮಸೂರದ ಬಾಯಿಯ ಪ್ರತಿಬಿಂಬ ಅದು. ಉಪಕರಣ ಹೊತ್ತು ತಂದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಬರಬೇಕು. ಆ ಬಿಲ್ಲೆಯ ಅಗಲ ತಿಳಿಯಲು ಮುಂದಿನ ಮಸೂರದ ಅಗಲವನ್ನು (ಎರಡನೆಯ ಅಂಕೆ) ವರ್ಧನೆಯಿಂದ (ಮೊದಲ ಅಂಕೆ) ಭಾಗಿಸಿ: 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್, 25ನ್ನು 10ರಿಂದ ಭಾಗಿಸಿದರೆ 2.5. ನಡುಮಧ್ಯಾಹ್ನ ನಿಮ್ಮ ಪಾಪೆಯೇ ಎರಡೂವರೆ ಮಿಲಿಮೀಟರ್‌ನಷ್ಟು ಇರುವುದರಿಂದ ಎರಡೂ ಒಂದೇ ಹೊಳಪು ಕೊಡುತ್ತವೆ. ರಂಗನತಿಟ್ಟಿನಲ್ಲಿ ಮುಂಜಾನೆಯ ಮಬ್ಬಿನಲ್ಲಿ ಪಾಪೆ 5 ಮಿಲಿಮೀಟರ್ ತೆರೆದಾಗ ಚಿಕ್ಕದರಲ್ಲಿ ಬರುವ ಹೊಳಪು ದೊಡ್ಡದರ ಕಾಲು ಭಾಗಕ್ಕೆ ಇಳಿಯುತ್ತದೆ. ಹಕ್ಕಿಗಳು ಚುರುಕಾಗಿರುವುದು ಆ ಹೊತ್ತಿನಲ್ಲೇ. 8×42 ತೆಗೆದುಕೊಳ್ಳಿ.

ಕಣ್ಣಿಟ್ಟಾಗ ಬದಿಯಲ್ಲಿ ಬಾಳೆಕಾಯಿಯಂಥ ಕಪ್ಪು ನೆರಳು ಬಂದರೆ ನಿಮ್ಮ ಪಾಪೆ ಆ ಬಿಲ್ಲೆಯ ಮೇಲೆ ಕೂತಿಲ್ಲ ಎಂದರ್ಥ. ಕಣ್ಣನ್ನು ತುಸು ಹಿಂದೆ ಮುಂದೆ ಸರಿಸಿದರೆ ಹೋಗುತ್ತದೆ. ದೃಶ್ಯದ ಸುತ್ತ ಕಾಣುವ ಚೊಕ್ಕ ಕಪ್ಪು ವೃತ್ತ ಮಾತ್ರ ಬೇರೆಯದು: ಒಳಗೆ ಕೂರಿಸಿದ ಉಂಗುರ, ಅಂದರೆ ಫೀಲ್ಡ್ ಸ್ಟಾಪ್. ಶಿರಸಿಯ ಶಿಕ್ಷಕಿಗೆ ಹೇಳಿದ, ಪರದೆಗೆ ಅಂಟಿಸಿ ಹಿಡಿದ ರಟ್ಟು ಇಲ್ಲಿ ಉಂಗುರವಾಗಿದೆ.

ಪ್ರಶ್ನೆ: ಹಂಪಿಯ ವಿರೂಪಾಕ್ಷ ದೇವಾಲಯದೊಳಗೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿದೆವು. ಗೋಡೆಯೊಳಗೆ ಮಸೂರ ಹುದುಗಿಸಿದ್ದಾರೆ ಎಂದು ಜೊತೆಯಲ್ಲಿದ್ದವರೊಬ್ಬರು ಹೇಳಿದರು. ನಿಜವೇ? (ಕೊಪ್ಪಳ)

ಉತ್ತರ: ಮಸೂರದ ಅಗತ್ಯವೇ ಇಲ್ಲ. ಕತ್ತಲ ಕೋಣೆ, ಸಣ್ಣ ಕಿಂಡಿ, ಹೊರಗೆ ಬೆಳಕಿನಲ್ಲಿ ನಿಂತ ಗೋಪುರ, ಇಷ್ಟು ಸಾಕು. ಶಿಖರದಿಂದ ಹೊರಟ ಬೆಳಕು ಕಿಂಡಿಯಲ್ಲಿ ಹಾದು ನೇರವಾಗಿ ಹೋಗಿ ಗೋಡೆಯ ಕೆಳಗೆ ಬೀಳುತ್ತದೆ, ಬುಡದ್ದು ಮೇಲೆ. ಮಸೂರವಿಲ್ಲದೆ ಬರಿಯ ಸ್ಟಾಪ್ ಒಂದೇ ಚಿತ್ರ ಬಿಡಿಸುವ ರೀತಿ ಇದು. ಕಿಂಡಿ ದೊಡ್ಡದಾದರೆ ಚಿತ್ರ ಬೆಳಗುತ್ತದೆ, ಆದರೆ ಕಲಸಿಹೋಗುತ್ತದೆ. ಮಸೂರ ಬಿಡಿಸುವುದು ಈ ಒಂದು ಇಕ್ಕಟ್ಟನ್ನು: ತೂತು ದೊಡ್ಡದಿಟ್ಟೂ ಚಿತ್ರ ಚೊಕ್ಕವಾಗಿರುವಂತೆ ಮಾಡುವುದು.

ಇದಕ್ಕಾಗಿ ಹಂಪಿಗೇ ಹೋಗಬೇಕೆಂದಿಲ್ಲ. ಮಾವಿನ ಮರದ ಕೆಳಗೆ ನೆಲದ ಮೇಲೆ ಬೀಳುವ ದುಂಡು ಬೆಳಕಿನ ಚುಕ್ಕೆಗಳನ್ನು ನೋಡಿ. ಎಲೆಗಳ ಸಂದಿ ಯಾವುದೂ ದುಂಡಗಿಲ್ಲ, ಚುಕ್ಕೆಗಳು ದುಂಡಗಿವೆ. ಒಂದೊಂದೂ ಸೂರ್ಯನ ಪ್ರತಿಬಿಂಬ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾದಾಗ ಇಂಥ ಚುಕ್ಕೆಗಳು ಬಳೆಗಳಾಗುವ ಕಾರಣವೂ ಇದೇ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಒಂದು ಚೊಕ್ಕ ಚುಕ್ಕೆಯ ಅಗಲ ಅಳೆದು 108ರಿಂದ ಗುಣಿಸಿ. ಚುಕ್ಕೆ 4.6 ಸೆಂಟಿಮೀಟರ್ ಇದ್ದರೆ ಅದನ್ನು ಮೂಡಿಸಿದ ಸಂದಿ ನೆಲದಿಂದ ಸುಮಾರು 5 ಮೀಟರ್ ಎತ್ತರದಲ್ಲಿದೆ. ತಲೆಯೆತ್ತಿ ಸೂರ್ಯನನ್ನು ಹುಡುಕಬೇಡಿ, ನೆಲದ ಮೇಲೆ ಅವನಿದ್ದಾನೆ.