ಕಿಟಕಿಯಾಚೆ ಇನ್ನೊಂದು ವಿಮಾನ: ಹೆದರಬೇಕಾ?

ಪ್ರಶ್ನೆ: 2018ರಲ್ಲಿ ಮಗಳನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆವು. ಇಳಿಯುವ ಹೊತ್ತಿಗೆ ನಮ್ಮ ಕಿಟಕಿ ಪಕ್ಕದಲ್ಲೇ ಇನ್ನೊಂದು ವಿಮಾನ ಬಂತು. ಅದರ ಕಿಟಕಿಗಳನ್ನು ಎಣಿಸಬಹುದಿತ್ತು. ಈಗ ಬೆಂಗಳೂರಿನಲ್ಲೂ ಎರಡು ರನ್‌ವೇ ಇವೆ. ಮುಂದಿನ ತಿಂಗಳು ಮತ್ತೆ ಪ್ರಯಾಣ ಇದೆ, ಮನೆಯವರು ಹೆದರಿದ್ದಾರೆ. ವಿಮಾನಗಳು ಅಷ್ಟು ಹತ್ತಿರ ಬರಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಮನೆಯವರಿಗೆ ಮೊದಲು ಇದನ್ನು ಹೇಳಿ. ನೀವು ಕಂಡದ್ದು ಕೂದಲೆಳೆಯಲ್ಲಿ ತಪ್ಪಿದ ಅಪಘಾತ ಅಲ್ಲ. ಆ ಎರಡು ವಿಮಾನಗಳನ್ನು ಬೇಕೆಂದೇ ಜೋಡಿಯಾಗಿ ತಂದಿದ್ದರು. ಅಲ್ಲಿನ ಜೋಡಿ ರನ್‌ವೇಗಳ ನಡುಗೆರೆಗಳಿಗೆ ಇರುವ ಅಂತರ ಸುಮಾರು 229 ಮೀಟರ್ ಮಾತ್ರ. ಒಂದು ಏರ್‌ಬಸ್ 320 ವಿಮಾನದ ಉದ್ದ ಹೆಚ್ಚುಕಡಿಮೆ 37 ಮೀಟರ್. ಅಂಥ ಆರು ವಿಮಾನಗಳನ್ನು ಸಾಲಾಗಿ ನಿಲ್ಲಿಸಿದರೆ ಆ ಜಾಗ ತುಂಬಿಹೋಗುತ್ತದೆ. ಕಿಟಕಿ ಎಣಿಸಲು ಆಗಿದ್ದು ಸಹಜವೇ.

ಅಷ್ಟು ಹತ್ತಿರ ಬಿಡುತ್ತಿದ್ದುದು ಆಕಾಶ ತಿಳಿಯಾಗಿದ್ದಾಗ ಮಾತ್ರ. ಪಕ್ಕದ ವಿಮಾನ ಕಾಣುತ್ತಿದೆಯಾ ಎಂದು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೇಳುತ್ತಿದ್ದರು. ಪೈಲಟ್ ಕಾಣುತ್ತಿದೆ ಅಂದ ಮೇಲೆ ಅದರಿಂದ ದೂರ ಉಳಿಯುವ ಹೊಣೆ ಪೈಲಟ್‌ಗೆ ಬರುತ್ತಿತ್ತು. ಶಿರಾಡಿ ಘಾಟಿ ಇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಿಸಿಲಿದ್ದಾಗ ಮುಂದಿನ ಲಾರಿಯ ಹಿಂದೆ ಕಣ್ಣಳತೆಯಲ್ಲೇ ಹೋಗುತ್ತೀರಿ. ದೋಣಿಗಲ್ ದಾಟಿದ ಮೇಲೆ ಮಂಜು ಕವಿದು, ಲಾರಿಯ ಕೆಂಪು ದೀಪ ಮಾತ್ರ ಮಸುಕಾಗಿ ಕಂಡರೆ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ, ಅಲ್ವಾ? ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಹಾಗೇ. ಮೋಡ ಕೆಳಗಿಳಿದರೆ ಈ ಜೋಡಿ ಇಳಿಯುವಿಕೆ ನಿಲ್ಲುತ್ತಿತ್ತು. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತಿತ್ತು.

ಇನ್ನು ಕಣ್ಣನ್ನು ನಂಬದೆ, ಉಪಕರಣ ನಂಬಿ ಎರಡು ರನ್‌ವೇಗೆ ಒಟ್ಟಿಗೆ ಇಳಿಸುವ ವಿಷಯ. ನಾನು ವರ್ಷಗಟ್ಟಲೆ ರಾಡಾರ್ ಪರದೆ ಮುಂದೆ ಕೂತವನು. ನನಗೆ ತುಂಬಾ ಇಷ್ಟವಾದ ಲೆಕ್ಕ ಇಲ್ಲೇ ಇದೆ. ಎರಡು ವಿಮಾನಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಅಕ್ಕಪಕ್ಕ ಇಳಿಯಬೇಕಾದರೆ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ರನ್‌ವೇಗಳ ನಡುಗೆರೆಗಳು ಕನಿಷ್ಠ 1035 ಮೀಟರ್ ದೂರ ಇರಬೇಕು. ಅದರ ನಟ್ಟನಡುವೆ ಕನಿಷ್ಠ 610 ಮೀಟರ್ ಅಗಲದ ಒಂದು ಪಟ್ಟಿಯನ್ನು ಖಾಲಿ ಬಿಡುತ್ತಾರೆ. ಎರಡು ತೋಟದ ನಡುವೆ ಬಿಟ್ಟ ಬದುವಿನ ಹಾಗೆ. ಪರದೆಯ ಮೇಲೆ ಅದನ್ನು ಗುರುತು ಮಾಡಿರುತ್ತಾರೆ. ಯಾವ ವಿಮಾನವೂ ಅದರೊಳಗೆ ಕಾಲಿಡುವಂತಿಲ್ಲ.

610 ಮೀಟರ್ ಸಾಕಾ? ಲೆಕ್ಕ ಹಾಕಿ ನೋಡಿ. ಇಳಿಯುವ ವಿಮಾನದ ವೇಗ ಗಂಟೆಗೆ ಸುಮಾರು 260 ಕಿ.ಮೀ., ಅಂದರೆ ಸೆಕೆಂಡಿಗೆ 72 ಮೀಟರ್. ಅದು ಇದ್ದಕ್ಕಿದ್ದ ಹಾಗೆ 30 ಡಿಗ್ರಿ ಪಕ್ಕಕ್ಕೆ ತಿರುಗಿತು ಅಂದುಕೊಳ್ಳಿ. ಆಗ ಸೆಕೆಂಡಿಗೆ 36 ಮೀಟರ್‌ನಂತೆ ಪಕ್ಕದ ವಿಮಾನದ ಕಡೆಗೆ ಸರಿಯುತ್ತದೆ. ತನ್ನ ಗೆರೆಯಿಂದ ಬದು ಮುಟ್ಟಲು 6 ಸೆಕೆಂಡ್. ಬದು ದಾಟಲು ಮತ್ತೆ 17 ಸೆಕೆಂಡ್. ಅಷ್ಟರಲ್ಲಿ ಕಂಟ್ರೋಲರ್ ನೋಡಬೇಕು, ಮಾತಾಡಬೇಕು, ಪೈಲಟ್ ಕೇಳಿಸಿಕೊಂಡು ವಿಮಾನ ತಿರುಗಿಸಬೇಕು. ಅಂತರವನ್ನು ನಾವು ಮೀಟರಿನಲ್ಲಿ ಬರೆದರೂ ತೂಗುವುದು ಸೆಕೆಂಡಿನಲ್ಲಿ. ಅದಕ್ಕೇ ರನ್‌ವೇ ಹತ್ತಿರವಾದಷ್ಟೂ ರಾಡಾರ್ ಚುರುಕಾಗಿರಬೇಕು. 1525 ಮೀಟರ್ ಇದ್ದರೆ 5 ಸೆಕೆಂಡಿಗೊಮ್ಮೆ ಹೊಸ ಜಾಗ ತೋರಿಸುವ ರಾಡಾರ್ ನಡೆಯುತ್ತದೆ. 1035ಕ್ಕೆ ಬಂದರೆ ಎರಡೂವರೆ ಸೆಕೆಂಡಿಗೊಮ್ಮೆ ತೋರಿಸಬೇಕು.

ಈ ಬದು ಕಾಯುವುದಕ್ಕೆಂದೇ ಕಂಟ್ರೋಲರ್‌ಗಳು ಕೂತಿರುತ್ತಾರೆ. ವಿಮಾನ ಬದುವಿನ ಕಡೆ ವಾಲಿದರೆ ಮೊದಲು ಅದಕ್ಕೇ ನಿನ್ನ ಗೆರೆಗೆ ವಾಪಸ್ ಹೋಗು ಎನ್ನುತ್ತಾರೆ. ಬದುವಿನೊಳಗೆ ಬಂದೇಬಿಟ್ಟರೆ? ಆಗ ಆದೇಶ ಹೋಗುವುದು ಪಕ್ಕದ ವಿಮಾನಕ್ಕೆ. ಸರಿಯಾಗಿ ತನ್ನ ಪಾಡಿಗೆ ಬರುತ್ತಿರುವ ವಿಮಾನಕ್ಕೆ 'ತಕ್ಷಣ ತಿರುಗು, ಮೇಲೇರು' ಎನ್ನುತ್ತಾರೆ. ತರಬೇತಿಯಲ್ಲಿ ಹೊಸಬರು ಎಡವುವುದು ಇಲ್ಲೇ. ನಾನೂ ಎಡವಿದ್ದೆ. ಸಿಮ್ಯುಲೇಟರ್‌ನಲ್ಲಿ ದಾರಿ ತಪ್ಪಿದ ವಿಮಾನವನ್ನೇ ಎರಡು ಸಲ ಕರೆದೆ. ಉತ್ತರ ಬರಲಿಲ್ಲ. ಹಿಂದೆ ನಿಂತಿದ್ದ ಗುರುಗಳು ಪರದೆಯ ಮೇಲೆ ಇನ್ನೊಂದು ಚುಕ್ಕಿಯ ಪಕ್ಕ ಪೆನ್ಸಿಲ್ ಇಟ್ಟು, "ಮಾತು ಕೇಳುವವನನ್ನು ಮೊದಲು ಉಳಿಸು" ಅಂದರು. ಹಾಗಾಗಿ ನಿಮ್ಮ ವಿಮಾನ ಇನ್ನೇನು ಇಳಿಯಬೇಕು ಅನ್ನುವಾಗ ಸದ್ದು ಜಾಸ್ತಿ ಮಾಡಿ ಮೇಲಕ್ಕೆ ಹೋದರೆ, ನಿಮ್ಮ ಪೈಲಟ್ ತಪ್ಪು ಮಾಡಿದರು ಅಂದುಕೊಳ್ಳಬೇಡಿ.

ನಿಜವಾಗಿ ಎಚ್ಚರ ಬೇಕಾದ ಜಾಗ ನೇರ ಗೆರೆಯಲ್ಲ, ಗೆರೆಗೆ ಸೇರುವ ತಿರುವು. ಎರಡು ಕಡೆಯಿಂದ ಎರಡು ವಿಮಾನಗಳು ಒಂದರ ಕಡೆಗೊಂದು ತಿರುಗುತ್ತಿರುತ್ತವೆ. ಒಂದು ತಿರುವು ತಡವಾದರೂ ಪಕ್ಕದ ಗೆರೆಗೆ ನುಗ್ಗಿಬಿಡುತ್ತದೆ. ಅದಕ್ಕೇ ಒಂದನ್ನು 1000 ಅಡಿ ಮೇಲೆ, ಇನ್ನೊಂದನ್ನು ಕೆಳಗೆ ಇಟ್ಟೇ ತಿರುಗಿಸುತ್ತಾರೆ. ಇಲ್ಲವಾದರೆ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ. ಅಂತರ ಇರಬೇಕು. ಎರಡೂ ತಮ್ಮ ತಮ್ಮ ಗೆರೆಯಲ್ಲಿ ಭದ್ರವಾಗಿ ಕೂತ ಮೇಲೆಯೇ ಆ ಎತ್ತರದ ಅಂತರ ಬಿಡಬಹುದು. ರನ್‌ವೇಗಳು 1035 ಮೀಟರಿಗಿಂತ ಹತ್ತಿರ ಇದ್ದು, 915 ಮೀಟರಾದರೂ ಇದ್ದರೆ, ಜೋಡಿಯಾಗಿ ಬಿಡದೆ ಒಂದು ಆ ಕಡೆ, ಒಂದು ಈ ಕಡೆ, ಓರೆಯಾಗಿ 3.7 ಕಿ.ಮೀ. ಹಿಂದುಮುಂದಾಗಿ ತರುತ್ತಾರೆ.

ಬೆಂಗಳೂರಿನ ಎರಡನೇ ರನ್‌ವೇ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಎರಡು ರನ್‌ವೇಗಳ ಮಧ್ಯದಲ್ಲೇ ಎರಡೂ ಟರ್ಮಿನಲ್‌ಗಳಿವೆ. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಂತೆ ಕಿಟಕಿ ಎಣಿಸುವಷ್ಟು ಹತ್ತಿರ ಬರುವ ಪ್ರಶ್ನೆಯೇ ಇಲ್ಲ. ಆದರೆ ದೂರ ಇದ್ದ ಮಾತ್ರಕ್ಕೆ ಸುಮ್ನೆ ಕೂರುವಂತಿಲ್ಲ. 2022ರ ಜನವರಿಯ ಒಂದು ಬೆಳಿಗ್ಗೆ ಅಲ್ಲೇ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದವು, ಆಕಾಶದಲ್ಲಿ ಒಂದರ ಕಡೆಗೊಂದು ಸರಿದವು. ರಾಡಾರ್ ನೋಡುತ್ತಿದ್ದ ಕಂಟ್ರೋಲರ್ ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಒಂದು ರನ್‌ವೇಯನ್ನು ನಿಲ್ಲಿಸುವ ತೀರ್ಮಾನ ಇನ್ನೊಬ್ಬ ಕಂಟ್ರೋಲರ್‌ಗೆ ತಲುಪಿರಲಿಲ್ಲ. ನಾನು ಹೆದರುವುದು ಇದಕ್ಕೆ. ನಿಮ್ಮ ಕಿಟಕಿಯಲ್ಲಿ ಕಂಡ ವಿಮಾನದ ಬಗ್ಗೆ ಎರಡೂ ಪೈಲಟ್‌ಗಳಿಗೆ, ಕಂಟ್ರೋಲರ್‌ಗೆ, ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಗೊತ್ತಿರಲಿಲ್ಲ.

ಪ್ರಶ್ನೆ: ಮುಳ್ಳಯ್ಯನಗಿರಿಯಲ್ಲಿ ನಿಂತಿದ್ದಾಗ ಎರಡು ವಿಮಾನಗಳ ಬಿಳಿ ಗೆರೆ ಒಂದನ್ನೊಂದು ದಾಟಿದ್ದು ಕಂಡೆವು. ಡಿಕ್ಕಿ ಹೊಡೆದೇಬಿಟ್ಟವು ಅನ್ನಿಸಿತು. ಅವುಗಳ ಮಧ್ಯೆ ಎಷ್ಟು ಜಾಗ ಇರುತ್ತದೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕನಿಷ್ಠ 1000 ಅಡಿ, ಅಂದರೆ ಸುಮಾರು 300 ಮೀಟರ್. ಹತ್ತು ಕಿ.ಮೀ. ಮೇಲೆ ಇರುವ ಆ 300 ಮೀಟರ್ ಕೆಳಗೆ ನಿಂತವರ ಕಣ್ಣಿಗೆ ಸಿಗುವುದಿಲ್ಲ. ಮೊದಲು 29,000 ಅಡಿಯ ಮೇಲೆ 2000 ಅಡಿ ಬಿಡುತ್ತಿದ್ದರು. ಎತ್ತರ ಅಳೆಯುವ ಉಪಕರಣ ಇನ್ನೂ ನಿಖರವಾದ ಮೇಲೆ, 2003ರ ನವೆಂಬರ್‌ನಿಂದ ಭಾರತದಲ್ಲೂ 41,000 ಅಡಿವರೆಗೆ ಅದನ್ನು 1000ಕ್ಕೆ ಇಳಿಸಿದರು. ಪೂರ್ವಕ್ಕೆ ಹೋಗುವ ವಿಮಾನಗಳಿಗೆ ಬೆಸ ಸಾವಿರ, ಪಶ್ಚಿಮಕ್ಕೆ ಹೋಗುವವಕ್ಕೆ ಸಮ ಸಾವಿರ. ಚೆನ್ನೈ ಕಡೆಗೆ ಹೋಗುವುದು 35,000ದಲ್ಲಿದ್ದರೆ, ಗಲ್ಫ್ ಕಡೆಗೆ ಹೋಗುವುದು 34,000 ಅಥವಾ 36,000.

ಆ 1000 ಅಡಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಕಂಡಿತು. 15,000 ಅಡಿಯಲ್ಲಿ ಇರಬೇಕಿದ್ದ ವಿಮಾನ ಕೆಳಗಿಳಿದು, ಎದುರಿನಿಂದ 14,000 ಅಡಿಯಲ್ಲಿ ಬರುತ್ತಿದ್ದ ವಿಮಾನಕ್ಕೆ ಬಡಿಯಿತು. 349 ಜನ, ಒಬ್ಬರೂ ಉಳಿಯಲಿಲ್ಲ. ಅಂದಿನ ದೆಹಲಿ ಕಂಟ್ರೋಲರ್‌ನ ಪರದೆಯಲ್ಲಿ ವಿಮಾನದ ಎತ್ತರ ಕಾಣುತ್ತಲೇ ಇರಲಿಲ್ಲ, ಪೈಲಟ್ ಹೇಳಿದ್ದನ್ನು ನಂಬಬೇಕಿತ್ತು. ಆಮೇಲೆ ಭಾರತದಲ್ಲಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣವನ್ನು ಕಡ್ಡಾಯ ಮಾಡಿದರು. ನೀವು ಗಿರಿಯ ಮೇಲಿಂದ ನೋಡಿದ ಆ ಎರಡು ವಿಮಾನಗಳು ಒಂದರ ಎತ್ತರವನ್ನು ಇನ್ನೊಂದು ಕೇಳಿಕೊಳ್ಳುತ್ತಲೇ ದಾಟಿ ಹೋಗಿರುತ್ತವೆ.