ಸಣ್ಣ ಪ್ಲೇಟಿನ ಹೋಟೆಲು: ಮೆನು ಬರೆಯುವ ಮೊದಲು ಕಾವಲಿ ಅಳೆಯಿರಿ

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಹಂಚಿಕೊಂಡು ತಿನ್ನುವ ಸಣ್ಣ ಪ್ಲೇಟುಗಳ ಹೋಟೆಲ್ ತೆರೆಯುವವರು ಕರಾವಳಿ ಮತ್ತು ಘಟ್ಟದ ಮೇಲಿನಿಂದ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ.

ಪ್ರಶ್ನೆ: ಕಾರವಾರ ಪೇಟೆಯೊಳಗೆ 30 ಸೀಟಿನ ಜಾಗ ಬಾಡಿಗೆಗೆ ಸಿಕ್ಕಿದೆ. ಮೀನೂಟದ ಥಾಳಿ ಬೇಡ, ಸಣ್ಣ ಪ್ಲೇಟುಗಳಷ್ಟೇ ಇರಲಿ ಅಂತ ತೀರ್ಮಾನಿಸಿದ್ದೇವೆ. ಮೆನುವಿನಲ್ಲಿ ಈಗಾಗಲೇ 35 ಬಗೆ ಆಗಿವೆ. ಹೆಚ್ಚಾಯಿತೇ?

ಹೆಚ್ಚಾಯಿತು. ತಟ್ಟೆ ಸಣ್ಣದಾದ ಮಾತ್ರಕ್ಕೆ ಕೆಲಸ ಸಣ್ಣದಾಗುವುದಿಲ್ಲ, ಮೂರು ಪಟ್ಟಾಗುತ್ತದೆ. ಥಾಳಿ ಹೋಟೆಲಿನಲ್ಲಿ ಒಬ್ಬರಿಗೆ ಒಂದು ತಟ್ಟೆ, ಅದರಲ್ಲಿ ಹೆಚ್ಚಿನದು ಮೊದಲೇ ಬೆಂದಿರುತ್ತದೆ. ಇಲ್ಲಿ ಒಬ್ಬರಿಗೆ ಸುಮಾರು ಮೂರು ಪ್ಲೇಟು, ಒಂದೊಂದೂ ಬೇರೆ ಬೇರೆ, ಎಲ್ಲವೂ ಬಿಸಿ ಬಿಸಿಯಾಗಿ ಬೇಕು.

ಲೆಕ್ಕ ಹಾಕಿ ನೋಡಿ. ಶನಿವಾರ ರಾತ್ರಿ 30 ಸೀಟು ಒಟ್ಟಿಗೆ ತುಂಬಿದರೆ 90 ಪ್ಲೇಟು. ಅದರಲ್ಲಿ 60 ಆದರೂ ಮೊದಲ 40 ನಿಮಿಷದೊಳಗೆ ಹೊರಗೆ ಹೋಗಬೇಕು. 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಾವಲಿ ಮೇಲೆ ರವಾ ಫ್ರೈಯ 12 ತುಂಡು ಒಂದಕ್ಕೊಂದು ತಾಗದೆ ಕೂರುತ್ತವೆ. ಪ್ಲೇಟಿಗೆ ಎರಡು ತುಂಡಾದರೆ 6 ಪ್ಲೇಟು. ಬೇಯಲು 8 ನಿಮಿಷ, ಕಾವಲಿ ಕೆರೆದು ಮತ್ತೆ ಎಣ್ಣೆ ಕಾಯಲು 2 ನಿಮಿಷ. 40 ನಿಮಿಷಕ್ಕೆ 24 ಪ್ಲೇಟು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಉಳಿದ 36 ಬೇರೆ ಕಡೆಯಿಂದ ಬರಲೇಬೇಕು. ಹಾಗಾಗಿ ಮೆನುವನ್ನು ಒಲೆಯ ಪ್ರಕಾರ ಬರೆಯಿರಿ, ರುಚಿಯ ಪ್ರಕಾರ ಅಲ್ಲ. ಕಾವಲಿಗೆ 4, ಎಣ್ಣೆ ಬಾಣಲೆಗೆ 3, ಹಬೆಗೆ 2, ಮೊದಲೇ ಬೇಯಿಸಿಟ್ಟು ಬಿಸಿ ಮಾಡಿ ಕೊಡುವ ಸುಕ್ಕೆ, ಗಸಿಯಂಥ ತೆಂಗಿನ ಮಸಾಲೆಯವು 2, ಒಲೆಯೇ ಬೇಡದವು 3. ಒಟ್ಟು 14 ಆಯಿತಲ್ಲ, ಸಾಕು.

ಒಲೆ ಬೇಡದ ಮೂರರಲ್ಲಿ ಕಿಸ್ಮೂರ್ ಇರಲಿ. ಒಣ ಸಿಗಡಿಯನ್ನು ಹುರಿದು ಡಬ್ಬಿಯಲ್ಲಿಡಿ, ತೆಂಗಿನತುರಿ, ಈರುಳ್ಳಿ, ಹುಳಿಯನ್ನು ಬೇರೆ ಇಡಿ, ಆರ್ಡರ್ ಬಂದ ಮೇಲೆ ಕಲಸಿ. ಮೊದಲೇ ಕಲಸಿಟ್ಟರೆ ಹತ್ತೇ ನಿಮಿಷದಲ್ಲಿ ಸಿಗಡಿ ಮೆತ್ತಗಾಗಿ ಅದರ ಗಮ್ಮತ್ತೇ ಹೋಗುತ್ತದೆ.

ಇನ್ನೊಂದು ವಿಷಯ ಮೇಜಿನದು. ಇಬ್ಬರ ಮೇಜು 2 ಅಡಿ ಚೌಕದ್ದಾದರೆ ತಿನ್ನುವ ತಟ್ಟೆ ಎರಡು, ನೀರಿನ ಲೋಟ ಎರಡು, ನಡುವೆ ಎರಡು ಪ್ಲೇಟು, ಅಲ್ಲಿಗೆ ಜಾಗ ಮುಗಿಯಿತು. ಮೂರನೆಯದನ್ನು ಮಾಣಿ ಕೈಯಲ್ಲೇ ಹಿಡಿದು ನಿಲ್ಲಬೇಕು. ಎರಡೂವರೆ ಅಡಿ ಚೌಕದ ಮೇಜು, 16 ಸೆಂಟಿಮೀಟರ್ ಅಗಲದ ಪ್ಲೇಟು ಸರಿಹೊಂದುತ್ತವೆ. 150 ಪ್ಲೇಟಿಗಿಂತ ಕಡಿಮೆ ಕೊಳ್ಳಬೇಡಿ. ಇಂಥ ಹೋಟೆಲು ರಾತ್ರಿ ಒಂಬತ್ತಕ್ಕೆ ನಿಂತುಹೋಗುವುದು ಹೆಚ್ಚಾಗಿ ಅಡುಗೆಯವರಿಂದಲ್ಲ, ತೊಳೆದ ಪ್ಲೇಟು ಇಲ್ಲದ್ದರಿಂದ.

ಪ್ರಶ್ನೆ: ಸಿಗಡಿ ಪ್ಲೇಟಿಗೆ ಎಷ್ಟು ಬೆಲೆ ಇಡಬೇಕು? 80 ಗ್ರಾಂ ಕೊಡುವ ಯೋಚನೆ. — ಅಂಕೋಲಾ

ಪೇಟೆಯ ದರವನ್ನೇ ಹಿಡಿದು ಲೆಕ್ಕ ಹಾಕುವುದೇ ಇಲ್ಲಿ ನಷ್ಟದ ಮೂಲ. ಉದಾಹರಣೆಗೆ ಇಡೀ ಸಿಗಡಿ ಕಿಲೋಗೆ 400 ರೂಪಾಯಿ ಅನ್ನೋಣ. 80 ಗ್ರಾಮಿಗೆ 32, ಮಸಾಲೆ ಎಣ್ಣೆಗೆ 12, ಒಟ್ಟು 44 ಎಂದು ಬರೆದುಕೊಂಡು 130ಕ್ಕೆ ಮಾರುವವರಿದ್ದಾರೆ. ಆದರೆ ತಲೆ, ಸಿಪ್ಪೆ, ನರ ತೆಗೆದ ಮೇಲೆ ಕಿಲೋದಲ್ಲಿ 450 ಗ್ರಾಂ ಉಳಿದರೆ ಅದೇ ಹೆಚ್ಚು. ಅಂದರೆ ಸುಲಿದ ಸಿಗಡಿಯ ನಿಜವಾದ ದರ ಕಿಲೋಗೆ ಸುಮಾರು 890. 80 ಗ್ರಾಮಿಗೆ 71, ಮಸಾಲೆ ಸೇರಿ 83. ಸಾಮಾನಿನ ಖರ್ಚು ಮಾರಾಟ ಬೆಲೆಯ ಶೇ. 35ರೊಳಗೆ ಇರಬೇಕೆಂದರೆ ಬೆಲೆ 237. ಅಷ್ಟು ಕೊಡುವವರು ನಿಮ್ಮ ಊರಲ್ಲಿ ಇಲ್ಲ ಅನಿಸಿದರೆ 60 ಗ್ರಾಮಿಗೆ ಇಳಿಸಿ, ಜೊತೆಗೆ ಒಂದು ನೀರ್ ದೋಸೆ ಮಡಚಿಡಿ. 130ಕ್ಕೆ ಮಾತ್ರ ಇಳಿಯಬೇಡಿ.

ಬಾಣಲೆಯಲ್ಲಿ ಸಿಗಡಿ ಇನ್ನೂ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಗಿರಾಕಿ ತೂಕ ನೋಡುವುದಿಲ್ಲ, ಎಣಿಸುತ್ತಾನೆ. ಅದರಲ್ಲೂ ನಾಲ್ವರು ಹಂಚಿಕೊಳ್ಳುವಾಗ ಏಳು ಸಿಗಡಿ ಬಂದರೆ ಮೇಜಿನಲ್ಲೇ ಪಂಚಾಯಿತಿ. ಎಂಟು ಇಡಿ. ಪ್ರತಿ ಮೀನಿಗೂ ಒಂದು ಸಲ ಇಡಿಯಾಗಿ ತೂಗಿ, ಕೊಯ್ದು ತೂಗಿ, ಎರಡೂ ಅಂಕಿಯನ್ನು ಗೋಡೆಗೆ ಬರೆದು ಅಂಟಿಸಿ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿ ಬರುವ ರವಾ ಫ್ರೈ ಹೋಟೆಲಿನಲ್ಲಿ ಮಾತ್ರ ಪದರು ಕಿತ್ತು ಬರುತ್ತದೆ. ಕಾರಣವೇನು? — ಕುಮಟಾ

ಹೋಟೆಲಿನಲ್ಲಿ ಸಮಯ ಉಳಿಸಲು ಸಂಜೆಯೇ ರವೆ ಹೊರಳಿಸಿ ಟ್ರೇಯಲ್ಲಿ ಜೋಡಿಸಿಡುತ್ತಾರೆ. ಉಪ್ಪು ಮೀನಿನಿಂದ ನೀರು ಎಳೆಯುತ್ತದೆ, ರವೆ ಅದನ್ನು ಕುಡಿದು ಹಿಟ್ಟಿನಂತಾಗುತ್ತದೆ, ಕಾವಲಿಗೆ ಬಿದ್ದಾಗ ಮೀನಿಗಿಂತ ಕಾವಲಿಗೇ ಚೆನ್ನಾಗಿ ಅಂಟುತ್ತದೆ. ಇದಕ್ಕೆ ಪರಿಹಾರ ಕೆಲಸವನ್ನು ಎರಡು ಭಾಗ ಮಾಡುವುದು. ಕಿಲೋ ಮೀನಿಗೆ 15 ಗ್ರಾಂ ಉಪ್ಪು, ಒಂದು ಚಮಚ ಅರಿಶಿನ, ಸ್ವಲ್ಪ ಮುರುಗಲ ಹುಳಿ ಹಚ್ಚಿ 20 ನಿಮಿಷ ಫ್ರಿಜ್‌ನಲ್ಲಿಟ್ಟು, ಬಿಟ್ಟ ನೀರನ್ನು ಪೂರ್ತಿ ಚೆಲ್ಲಿ, ಮೀನನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಅನಂತರ ಬ್ಯಾಡಗಿ ಮೆಣಸು, ಬೆಳ್ಳುಳ್ಳಿಯ ಮಸಾಲೆ ಸವರಿ ಮತ್ತೆ ಫ್ರಿಜ್‌ಗೆ. ಮಸಾಲೆ ಚಮಚದಿಂದ ಜಾರುವಷ್ಟು ತೆಳುವಾದರೆ ಕೆಟ್ಟಿತು, ಅಂಟಿಕೊಳ್ಳುವಷ್ಟು ಗಟ್ಟಿ ಬೇಕು. ಇಷ್ಟು ಸಂಜೆ ಆಗಿರಲಿ. ರವೆ ಹೊರಳಿಸುವುದು ಆರ್ಡರ್ ಚೀಟಿ ಬಂದ ಮೇಲೆಯೇ. ಮೂರು ಪಾಲು ಸಣ್ಣ ರವೆಗೆ ಒಂದು ಪಾಲು ಅಕ್ಕಿಹಿಟ್ಟು.

ಕಾವಲಿ ಕಾಯದೆ ಮೀನು ಇಟ್ಟರೂ ಪದರು ಕೀಳುತ್ತದೆ. 170ರಿಂದ 180 ಡಿಗ್ರಿ ಸೆಲ್ಸಿಯಸ್ ಬೇಕು. ಎರಡು ರವೆಕಾಳು ಹಾಕಿದರೆ ಕೂಡಲೇ ಸದ್ದು ಮಾಡಬೇಕು, ಕಪ್ಪಾಗಬಾರದು. ಮೊದಲ ನಾಲ್ಕು ನಿಮಿಷ ಮುಟ್ಟಬೇಡಿ. ತಳ ಗರಿಯಾದ ಮೀನು ತಾನಾಗಿ ಬಿಡುತ್ತದೆ, ಬಿಡದಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ಪ್ರತಿ ಸರದಿಯ ನಂತರ ಉದುರಿದ ರವೆ ಕೆರೆದು ತೆಗೆಯದಿದ್ದರೆ ಮುಂದಿನ ಮೀನಿಗೆ ಸೀದ ಕಹಿ ಹತ್ತುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥ) ಶೇ. 25 ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಅಳೆಯುವ ಪಟ್ಟಿ ಸಿಗುತ್ತದೆ. ಪಟ್ಟಿ ಇಲ್ಲದಿದ್ದರೂ ನೊರೆ ನಿಲ್ಲತೊಡಗಿದ, ಹೊಗೆ ಬೇಗ ಏಳುವ ಎಣ್ಣೆಯನ್ನು ಉಳಿಸಿಕೊಳ್ಳಬೇಡಿ.

ಪ್ರಶ್ನೆ: ಬಂಗುಡೆ ತಿಂದ ಅರ್ಧ ಗಂಟೆಗೆ ಗಿರಾಕಿಯೊಬ್ಬರ ಮುಖ ಕೆಂಪಾಗಿ ತುರಿಕೆ ಬಂತು. ಮೊದಲು ಎಂದೂ ಹಾಗಾಗಿಲ್ಲವಂತೆ. ಚೆನ್ನಾಗಿಯೇ ಬೇಯಿಸಿದ್ದೆವು. — ಭಟ್ಕಳ

ಮೊದಲು ಬಂಗುಡೆ ಒಗ್ಗುತ್ತಿದ್ದವರಿಗೆ ಹೀಗಾದರೆ ಅಲರ್ಜಿಯಂಥ ಲಕ್ಷಣ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ಮೇಲೆ ಅನುಮಾನ ಬರಬೇಕು. ಬಂಗುಡೆ, ತಾರ್ಲೆ (ಭೂತಾಯಿ), ಕೇದರದಂಥ (ಟ್ಯೂನಾ) ಕಪ್ಪು ಮಾಂಸದ ಮೀನುಗಳು ಐಸಿನಿಂದ ಹೊರಗೆ ಉಳಿದಾಗ ಬ್ಯಾಕ್ಟೀರಿಯಾಗಳು ಅವುಗಳಲ್ಲಿ ಇದನ್ನು ಹುಟ್ಟಿಸುತ್ತವೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದ ಪತ್ತೆ ಆಗಲೇಬೇಕೆಂದೂ ಇಲ್ಲ. ಹಾಗಾಗಿ ಬಂದರಿನಲ್ಲಿ ಕೊಂಡ ಗಳಿಗೆಯಿಂದಲೇ ಮೀನಿನಷ್ಟೇ ತೂಕದ ಐಸು, ಕರಗಿದ ನೀರು ಬಸಿದುಹೋಗುವ ಪೆಟ್ಟಿಗೆ ಬೇಕು. ಸ್ಕೂಟರಿನ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ತರುವುದನ್ನು ನಿಲ್ಲಿಸಿ. ಕೊಯ್ಯುವಾಗಲೂ ಎರಡೆರಡು ಕಿಲೋ ಮಾತ್ರ ಹೊರಗೆ ತೆಗೆಯಿರಿ. ಮಸಾಲೆ ಹಚ್ಚಿದ ಮೀನು ಕೆಡುವುದಿಲ್ಲ ಎಂಬ ನಂಬಿಕೆ ಬಿಡಿ, ಅದೂ 5 ಡಿಗ್ರಿಗಿಂತ ಕೆಳಗೇ ಇರಬೇಕು. ಉಸಿರಾಟದ ತೊಂದರೆ ಕಂಡರೆ ಹೋಟೆಲಿನಲ್ಲಿ ಮದ್ದು ಹುಡುಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಜೂನ್, ಜುಲೈಯಲ್ಲಿ ಬೋಟು ಇಳಿಯುವುದಿಲ್ಲ. ಆ ಎರಡು ತಿಂಗಳು ಫ್ರೀಜರ್ ತುಂಬಿಸಿಟ್ಟರೆ ನಡೆಯುತ್ತದೆಯೇ? — ಹೊನ್ನಾವರ

ಯಾಂತ್ರಿಕ ದೋಣಿಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ನಾಡದೋಣಿಯ ಮೀನು ಅಷ್ಟಿಷ್ಟು ಬರುತ್ತದೆ, ಅದನ್ನು ನಂಬಿ ಮೆನು ಅಚ್ಚು ಹಾಕಿಸಬೇಡಿ. ದಿನದ ಹಲಗೆಯಲ್ಲಿ ಬರೆಯಿರಿ.

ಸಾಧಾರಣ ಡೀಪ್ ಫ್ರೀಜರ್‌ನಲ್ಲಿ ಮೀನು ನಿಧಾನವಾಗಿ ಗಟ್ಟಿಯಾಗುತ್ತದೆ, ಒಳಗೆ ದೊಡ್ಡ ಐಸು ಹರಳು ಕಟ್ಟಿ ಮಾಂಸ ಹರಿಯುತ್ತದೆ, ಕರಗಿಸಿದಾಗ ನೀರು ಬಸಿದು ಹತ್ತಿಯಂತಾಗುತ್ತದೆ. ಸುಲಿದ ಸಿಗಡಿ, ಬೊಂಡಾಸ (ಸ್ಕ್ವಿಡ್) ಸ್ವಲ್ಪ ತಾಳುತ್ತವೆ. ಅವನ್ನು ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ ಮೈನಸ್ 18ರಲ್ಲಿಡಿ, ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಿಸಿ, ಉಳಿದರೆ ಮತ್ತೆ ಫ್ರೀಜ್ ಮಾಡಬೇಡಿ. ಕಾಣೆ, ಬಂಗುಡೆಯ ಆಸೆ ಬಿಟ್ಟುಬಿಡಿ.

ಬದಲಿಗೆ ಮಳೆಗಾಲಕ್ಕೇ ಬೇರೆ ಮೆನು ಮಾಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಣಮೀನಿನ ಚಟ್ನಿ, ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಹಲಸಿನ ಹಪ್ಪಳ, ಎಲ್ಲವೂ ಸಣ್ಣ ಪ್ಲೇಟಿಗೆ ಹೇಳಿ ಮಾಡಿಸಿದವು. ಪತ್ರೊಡೆ ಗಂಟಲು ಕೆರೆಯುವುದು ಕೆಸುವಿನೆಲೆಯಲ್ಲಿರುವ ಆಕ್ಸಲೇಟ್ ಸೂಜಿಗಳಿಂದ. ಹುಣಸೆಹುಳಿಯಲ್ಲಿ ಜಿಪುಣತನ ಮಾಡಬೇಡಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಲಿ. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಕುದಿಸಿದ ನೀರನ್ನೂ ಚೆಲ್ಲಿಯೇ ಬಳಸಬೇಕು. ಹೊಸ ಅಡುಗೆಯವರು ಈ ಹಂತ ಹಾರಿಸಿಬಿಡುತ್ತಾರೆ, ಮೇಲೆ ನಿಂತು ನೋಡಿ.

ಬಳಚು (ಹೊಳೆಯ ಚಿಪ್ಪಿ) ಸಿಕ್ಕರೆ ಲೀಟರಿಗೆ 30 ಗ್ರಾಂ ಉಪ್ಪಿನ ನೀರಲ್ಲಿ ಎರಡು ಮೂರು ಗಂಟೆ ಬಿಟ್ಟು ಮರಳು ಕಾರಿಸಿ. ತಟ್ಟಿದರೂ ಬಾಯಿ ಮುಚ್ಚದ್ದನ್ನು ಬೇಯಿಸುವ ಮೊದಲೇ, ಬೆಂದರೂ ಬಾಯಿ ತೆರೆಯದ್ದನ್ನು ಬೇಯಿಸಿದ ಮೇಲೆ ಎಸೆಯಿರಿ. ಜೋರು ಮಳೆ ಸುರಿದ ಬೆನ್ನಿಗೆ ಹೊಳೆಯ ಚಿಪ್ಪಿ ಕೊಳ್ಳದಿರುವುದು ಲೇಸು, ಊರಿನ ಕೊಳೆಯೆಲ್ಲ ಅಳಿವೆಗೇ ಇಳಿದಿರುತ್ತದೆ.

ಪ್ರಶ್ನೆ: ನಮ್ಮದು ಶಿರಸಿಯಲ್ಲಿ ಶುದ್ಧ ಸಸ್ಯಾಹಾರಿ. ತಂಬುಳಿ, ಅಪ್ಪೆಹುಳಿ (ಮಾವಿನಕಾಯಿ ಸಾರು), ತೊಡದೇವು (ಕಾಗದದಂತೆ ತೆಳ್ಳಗಿನ ಸಿಹಿ ತಿಂಡಿ) ಇಂಥವನ್ನು ದುಡ್ಡು ಕೊಟ್ಟು ತಿನ್ನುತ್ತಾರೆಯೇ?

ಮನೆಯಲ್ಲೇ ದಿನಾ ತಿನ್ನುವವರು ಬೇಗ ಕೊಡಲಾರರು. ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರು ಇದನ್ನೇ ಹುಡುಕುತ್ತಾರೆ, ಅವರಿಗೆ ಗೋಬಿ ಮಂಚೂರಿ ಕೊಡುವುದು ದಂಡ. ಅಡುಗೆಮನೆಯ ದೃಷ್ಟಿಯಿಂದ ನೀವು ಕರಾವಳಿಯವರಿಗಿಂತ ಅದೃಷ್ಟವಂತರು, ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕೆ ಒಲೆಯೇ ಬೇಡ. ತಂಬುಳಿಗೆ ಒಂದೆಲಗ, ಕಾಯಿ, ಜೀರಿಗೆ ರುಬ್ಬಿದ್ದನ್ನು ಫ್ರಿಜ್‌ನಲ್ಲಿಟ್ಟು, ಕೊಡುವಾಗ ಮಜ್ಜಿಗೆ ಸೇರಿಸಿ. ಹಸಿ ಕಾಯಿ ಬೇಗ ಹಳಸುತ್ತದೆ, ರುಬ್ಬಿದ್ದು ಅದೇ ದಿನ ಮುಗಿಯಲಿ. ತೊಡದೇವು ಹೊರಗಿನಿಂದ ತರಿಸುವುದೇ ಜಾಣತನ. ಬೋರಲು ಮಡಕೆಯ ಮೇಲೆ ಬಟ್ಟೆಯಲ್ಲಿ ಹಿಟ್ಟು ಎಳೆಯುವ ಕೈ ಬಾಡಿಗೆಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಅದು ಕಾಲು ಗಂಟೆಯಲ್ಲೇ ಮೆತ್ತಗಾಗುತ್ತದೆ, ಎರಡೆರಡನ್ನು ಬೇರೆ ಪೊಟ್ಟಣ ಮಾಡಿಡಿ. ಬಡಿಸುವಾಗ ತುಪ್ಪ ಹಾಕಿ.

ಪ್ರಶ್ನೆ: ಬಿಲ್ಲಿನಲ್ಲಿ ಜಿಎಸ್‌ಟಿ, ಸರ್ವಿಸ್ ಚಾರ್ಜ್ ಹಾಕಬಹುದೇ? — ಕಾರವಾರ

ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಪದ್ಧತಿ) ಶೇ. 5 ತೆರಿಗೆಯನ್ನು ನಿಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಬೆಲೆ ಇಡುವಾಗಲೇ ಸೇರಿಸಿಕೊಳ್ಳಿ. ಸಾಮಾನ್ಯ ನೋಂದಣಿಯಾದರೆ ಶೇ. 5 ಬಿಲ್ಲಿನಲ್ಲಿ ತೋರಿಸಬಹುದು, ಆದರೆ ಕೊಂಡ ಸಾಮಾನಿನ ತೆರಿಗೆ ವಾಪಸು ಸಿಗುವುದಿಲ್ಲ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಆಹಾರ ಪರವಾನಗಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಎರಡೂ ಬಾಗಿಲು ತೆರೆಯುವ ಮೊದಲೇ ಕೈಯಲ್ಲಿರಲಿ.

ಪ್ರಶ್ನೆ: ಉದ್ಘಾಟನೆ ಹೇಗೆ ಮಾಡಿದರೆ ಒಳ್ಳೆಯದು? — ಕುಮಟಾ

ಇನ್ನೂರು ಜನರನ್ನು ಕರೆದು ಪುಕ್ಕಟೆ ಬಡಿಸಬೇಡಿ. ಪೂಜೆ ಮಾಡಿ, ಪೇಡೆ ಹಂಚಿ, ಬಾಗಿಲು ಹಾಕಿಕೊಳ್ಳಿ. ಮೊದಲ ವಾರ ಅರ್ಧ ಮೇಜು, ಎಂಟು ಬಗೆ ಮಾತ್ರ. ಪ್ರತಿ ಆರ್ಡರ್ ಚೀಟಿಯ ಮೇಲೆ ಬರೆದ ಹೊತ್ತು, ಪ್ಲೇಟು ಹೊರಟ ಹೊತ್ತು ಎರಡನ್ನೂ ಗುರುತು ಹಾಕಿ. 15 ನಿಮಿಷ ಮೀರಿದ ಚೀಟಿಗಳನ್ನು ರಾತ್ರಿ ಬೇರೆ ಮಾಡಿದರೆ ಯಾವ ಒಲೆ ಸಿಕ್ಕಿಕೊಂಡಿದೆ ಎಂಬುದು ಅಲ್ಲೇ ಕಾಣುತ್ತದೆ. ಸಾಮಾನ್ಯವಾಗಿ ಅದು ಕಾವಲಿಯೇ. ಆಗ ಎರಡನೆಯ ಕಾವಲಿ ಕೊಳ್ಳಲು ಓಡಬೇಡಿ. ಕಾವಲಿಯ ನಾಲ್ಕು ಬಗೆಯಲ್ಲಿ ಅತಿ ಕಡಿಮೆ ಹೋಗುವುದನ್ನು ಮೊದಲು ತೆಗೆದು, ಅದರ ಜಾಗಕ್ಕೆ ಹಬೆಯದೊಂದು ಹಾಕಿ ಇನ್ನೊಂದು ವಾರ ನೋಡಿ.